ಜಕಣಾಚಾರಿಯ ಮನೆಯಾಕೆ

ಮುಂಡರಗಿ ತಾಲೂಕಿನ ಡಂಬಳಕ್ಕೆ ಹೋದ್ರೆ ದೊಡ್ಡಬಸಪ್ಪ ಗುಡಿಯನ್ನ ಹೊರಗಿನಿಂದ ಒಂದು ಸುತ್ತು ನೋಡಿ. ಚೌಕವೊಂದನ್ನ 15 ಡಿಗ್ರಿಯಂತೆ ತಿರುಗಿಸುತ್ತಾ ಆರು ಸಲ ಬರೆದರೆ 24 ಮೂಲೆಯ ನಕ್ಷತ್ರ ಬರುತ್ತದಲ್ಲ, ಗರ್ಭಗುಡಿಯ ಹೊರಗೋಡೆ ಅದೇ ಆಕಾರ. ಇಂಥ ಗುಡಿ ಕಂಡಲ್ಲೆಲ್ಲಾ ನಾವು ‘ಜಕಣಾಚಾರಿ ಕಟ್ಟಿದ್ದು’ ಅಂದುಬಿಡ್ತೀವಿ.

ಆ ಕತೆ ಗೊತ್ತಲ್ಲ? ಬಸುರಿ ಹೆಂಡತಿಯನ್ನ ಬಿಟ್ಟು ಆತ ದೇಶಾಂತರ ಹೋಗ್ತಾನೆ. ಮಗ ಡಂಕಣ ದೊಡ್ಡವನಾಗಿ ಬೇಲೂರಿಗೆ ಬಂದು, ಅಪ್ಪ ಕೆತ್ತಿದ ವಿಗ್ರಹದ ಕಲ್ಲಿನೊಳಗೆ ಕಪ್ಪೆ ಇರುವುದನ್ನ ತೋರಿಸ್ತಾನೆ. 1964ರಲ್ಲಿ ಇದು ಬಣ್ಣದ ಸಿನಿಮಾನೂ ಆಯ್ತು.

ಬೇಲೂರಿನ ಶಿಲ್ಪಗಳ ಕೆಳಗೆ ಕೊರೆದ ಹೆಸರುಗಳೇ ಬೇರೆ: ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ನಮ್ಮ ಗದಗಿನ ನಾಗೋಜ. ಅಪ್ಪ, ಮಗ, ಊರು, ಬಿರುದು ಎಲ್ಲ ಇದೆ. ಚಾವಣನ ತಾಯಿ ಯಾರು? ಕಲ್ಲಿನ ಮೇಲೆ ಹೆಂಗಸರ ಹೆಸರೇ ಬರ್ತಿರಲಿಲ್ಲ ಅನ್ನುವ ಹಾಗಿಲ್ಲ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯನ್ನ 1007ರ ಶಾಸನ ಬಾಯ್ತುಂಬಾ ಹೊಗಳುತ್ತದೆ. ಆದರೆ ಆಕೆ ಕಟ್ಟಿಸಿದವಳು, ಕಟ್ಟಿದವನ ಹೆಂಡತಿಯಲ್ಲ.

ಈ ಖಾಲಿ ಜಾಗವನ್ನ ತುಂಬಿದ್ದು ಕತೆಗಾರರು. ಅವರಾದರೂ ಆಕೆಗೆ ಕಾಯುವ ಕೆಲಸವನ್ನಷ್ಟೇ ಕೊಟ್ಟರು. ಅಪ್ಪ ಮನೆಯಲ್ಲೇ ಇರಲಿಲ್ಲ ಅಂದಮೇಲೆ ಡಂಕಣನ ಕೈಗೆ ಮೊದಲು ಉಳಿ ಕೊಟ್ಟವರು ಯಾರು? ನಮ್ಮಲ್ಲಿ ಐತಿಹಾಸಿಕ ಕತೆ ಬರೆಯಬೇಕು ಅನ್ನೋರು ಅಲ್ಲಿಂದ ಶುರು ಮಾಡಬಹುದು.