ಕಾಲೇಜಿನ ಆಯ್ಕೆಯೂ ಒಂದು ಅಮಾನತು

ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ. ಮಗನನ್ನು ಯಾವ ಕಾಲೇಜಿಗೆ ಸೇರಿಸಬೇಕು? ಮಗಳನ್ನು ಮುಂದೆ ಓದಿಸಬೇಕೇ, ಓದಿಸುವುದಾದರೆ ಎಲ್ಲಿ? ಮಾವನ ಮಗ ಓದಿದ ಕಾಲೇಜು, ನೆರೆಮನೆಯವರು ಹೊಗಳಿದ ಕಾಲೇಜು, ಏಜೆಂಟನೊಬ್ಬ ಬಣ್ಣದ ಪುಸ್ತಿಕೆ ತಂದು ತೋರಿಸಿದ ಕಾಲೇಜು, ಇವುಗಳಲ್ಲೊಂದನ್ನು ಹಿಡಿದು ಎರಡೇ ದಿನಗಳಲ್ಲಿ ತೀರ್ಮಾನ ಮುಗಿಸುತ್ತೇವೆ. ಒಂದು ಜೊತೆ ಚಪ್ಪಲಿ ಕೊಳ್ಳಲು ನಾಲ್ಕು ಅಂಗಡಿ ಹತ್ತಿಳಿಯುವ ನಾವು, ಮಕ್ಕಳ ಮೂರು ನಾಲ್ಕು ವರ್ಷಗಳನ್ನು ಯಾರದೋ ಒಂದು ಮಾತಿನ ಮೇಲೆ ಒಪ್ಪಿಸಿಬಿಡುತ್ತೇವೆ.

ಮಕ್ಕಳು ಅಲ್ಲಾಹನು ನಮಗೊಪ್ಪಿಸಿದ ಅಮಾನತು. ಪ್ರತಿಯೊಬ್ಬನೂ ಮೇಲ್ವಿಚಾರಕನೆಂದೂ ತನ್ನ ಅಧೀನದಲ್ಲಿರುವವರ ಕುರಿತು ಪ್ರಶ್ನಿಸಲ್ಪಡುವನೆಂದೂ ಪ್ರವಾದಿವರ್ಯರು(ಸ) ಎಚ್ಚರಿಸಿರುವ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಆ ಪ್ರಶ್ನೆಯಲ್ಲಿ ಮಕ್ಕಳ ಶಿಕ್ಷಣ ಸೇರುವುದಿಲ್ಲವೆಂದು ಯಾರು ತಾನೇ ಧೈರ್ಯವಾಗಿ ಹೇಳಬಲ್ಲರು?

ಮೊದಲು ಮಗುವನ್ನು ಅರಿಯಿರಿ

ಪ್ರವಾದಿವರ್ಯರು(ಸ) ಎಲ್ಲ ಸಹಾಬಿಗಳನ್ನೂ ಒಂದೇ ಕೆಲಸಕ್ಕೆ ಹಚ್ಚಲಿಲ್ಲ. ಝೈದ್ ಬಿನ್ ಸಾಬಿತ್(ರ) ಚುರುಕು ಬುದ್ಧಿಯ ತರುಣ. ಅವರಿಗೆ ಯಹೂದಿಯರ ಲಿಪಿ ಕಲಿಯಲು ಆದೇಶಿಸಿದರು. ಖಾಲಿದ್ ಬಿನ್ ವಲೀದ್‌ರಿಗೆ(ರ) ಸೇನೆಯ ಹೊಣೆ ಕೊಟ್ಟರು. ಮುಆದ್ ಬಿನ್ ಜಬಲ್‌ರನ್ನು(ರ) ಯಮನ್‌ಗೆ ಕಳುಹಿಸಿದರು. ಹೀಗಿರುವಾಗ ಲೆಕ್ಕ ಕಂಡರೆ ಬೆವರುವ ಹುಡುಗನನ್ನು ಇಂಜಿನಿಯರಿಂಗ್‌ಗೆ ನೂಕುವುದು, ಪಾಠ ಹೇಳುವುದರಲ್ಲಿ ಆನಂದ ಕಾಣುವ ಹುಡುಗಿಗೆ ಬಿ.ಎ., ಬಿ.ಎಡ್. ಎಂದರೆ ಮೂಗು ಮುರಿಯುವುದು ಯಾವ ನ್ಯಾಯ? ಕಾಲೇಜಿನ ಹೆಸರಿಗೆ ಮೊದಲು ಕೋರ್ಸನ್ನೂ, ಕೋರ್ಸಿಗೆ ಮೊದಲು ಮಗುವಿನ ಒಲವನ್ನೂ ನೋಡಿರಿ.

ಒಂಟೆಯನ್ನು ಕಟ್ಟಿರಿ

ಒಂಟೆಯನ್ನು ಕಟ್ಟಿ ಅಲ್ಲಾಹನಲ್ಲಿ ಭರವಸೆಯಿಡಲೇ ಅಥವಾ ಕಟ್ಟದೆ ಬಿಟ್ಟು ಭರವಸೆಯಿಡಲೇ ಎಂದು ಒಬ್ಬರು ಕೇಳಿದಾಗ, ಮೊದಲು ಕಟ್ಟಿ ಆಮೇಲೆ ಭರವಸೆಯಿಡುವಂತೆ ಪ್ರವಾದಿವರ್ಯರು(ಸ) ತಿಳಿಸಿದರು (ತಿರ್ಮಿದಿ). ಕಾಲೇಜಿನ ವಿಷಯದಲ್ಲಿ ಒಂಟೆ ಕಟ್ಟುವುದೆಂದರೆ ವಿಚಾರಿಸುವುದು. ತಂದ ಸುದ್ದಿಯನ್ನು ಪರಿಶೀಲಿಸದೆ ನಂಬಬಾರದೆಂಬುದು ಸೂರಾ ಅಲ್ ಹುಜುರಾತ್‌ನ ಪಾಠ.

ತಾಂತ್ರಿಕ ಕಾಲೇಜಾದರೆ ಎ.ಐ.ಸಿ.ಟಿ.ಇ., ವೈದ್ಯಕೀಯವಾದರೆ ರಾಷ್ಟ್ರೀಯ ವೈದ್ಯಕೀಯ ಆಯೋಗ, ಬಿ.ಎಡ್. ಆದರೆ ಎನ್.ಸಿ.ಟಿ.ಇ., ಕಾನೂನಾದರೆ ಬಾರ್ ಕೌನ್ಸಿಲ್‌ನ ಮಾನ್ಯತೆ ಇದೆಯೇ ನೋಡಿರಿ. ಯಾವ ವಿಶ್ವವಿದ್ಯಾನಿಲಯಕ್ಕೆ ಸೇರಿದೆ ಎಂದು ಕೇಳಿರಿ. ಮೊದಲ ವರ್ಷದ ಶುಲ್ಕವನ್ನಷ್ಟೇ ಕೇಳಿ ಸುಮ್ಮನಾಗದೆ ಹಾಸ್ಟೆಲ್, ಬಸ್ಸು, ಪರೀಕ್ಷಾ ಶುಲ್ಕ ಸೇರಿಸಿ ಕೋರ್ಸು ಮುಗಿಯುವವರೆಗಿನ ಲೆಕ್ಕ ಹಾಕಿರಿ. ಅರ್ಧದಲ್ಲಿ ಹಣ ಮುಗಿದರೆ ಬಡ್ಡಿಯ ಸಾಲದ ಬಾಗಿಲಿಗೆ ಹೋಗುವ ಪ್ರಸಂಗ ಬರುತ್ತದೆ. ನಮಾಝಿಗೆ ಅನುಕೂಲವಿದೆಯೇ, ಉಡುಪಿನ ನಿಯಮವೇನು ಎಂಬುದನ್ನೂ ಮೊದಲೇ ತಿಳಿಯಿರಿ. 2022ರಲ್ಲಿ ಹಿಜಾಬ್‌ನ ವಿಷಯ ನ್ಯಾಯಾಲಯದ ಮೆಟ್ಟಿಲೇರಿದುದನ್ನೂ, ಹಲವು ಹೆಣ್ಣು ಮಕ್ಕಳು ಗೇಟಿನ ಹೊರಗೆ ನಿಂತುದನ್ನೂ ಕಂಡವರು ನಾವು. ಸೇರಿದ ಮೇಲೆ ಕೇಳುವುದಕ್ಕಿಂತ ಸೇರುವ ಮೊದಲು ಕೇಳುವುದು ಲೇಸು.

ಏಜೆಂಟರ ಕೈಗೆ ಮೂಲ ಅಂಕಪಟ್ಟಿಯನ್ನು ಕೊಡಬೇಡಿರಿ. ಈಗಾಗಲೇ ಅಲ್ಲಿ ಓದುತ್ತಿರುವ ಇಬ್ಬರನ್ನು ಕಂಡು ಮಾತನಾಡಿರಿ. ಪುಸ್ತಿಕೆ ಹೇಳದ ಸಂಗತಿಗಳನ್ನು ಅವರು ಹೇಳುತ್ತಾರೆ.

ಪಟ್ಟಿಯ ಕ್ರಮ

ಸಿ.ಇ.ಟಿ. ಬರೆದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ತಮಗೆ ಬೇಕಾದ ಕಾಲೇಜು ಮತ್ತು ಕೋರ್ಸುಗಳ ಪಟ್ಟಿಯನ್ನು ಕ್ರಮವಾಗಿ ಕೊಡಬೇಕಾಗುತ್ತದೆ. ಇದನ್ನೇ ಆಪ್ಷನ್ ಎಂಟ್ರಿ ಎನ್ನುವುದು. ಇಲ್ಲಿ ನಮ್ಮ ಅನೇಕ ಮಕ್ಕಳು ಒಂದು ತಪ್ಪು ಕಲ್ಪನೆಗೆ ಬಲಿಯಾಗುತ್ತಾರೆ. 'ಒಳ್ಳೆಯ ಕಾಲೇಜು ನಮಗೆಲ್ಲಿ ಸಿಗುತ್ತದೆ? ಅದನ್ನು ಮೊದಲು ಹಾಕಿದರೆ ಇದ್ದುದೂ ಹೋದೀತು' ಎಂದು ಹೆದರಿ ಸುಲಭದ್ದನ್ನೇ ಮೇಲೆ ಬರೆಯುತ್ತಾರೆ. ವಾಸ್ತವದಲ್ಲಿ ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಲಾಗುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದು, ಅದೂ ಸಿಗದಿದ್ದರೆ ಮೂರನೆಯದು. ಮೇಲೆ ದೊಡ್ಡದನ್ನು ಬರೆದುದರಿಂದ ಕೆಳಗಿನದಕ್ಕೆ ನಷ್ಟವಿಲ್ಲ. ಆದರೆ ಸುಲಭದ್ದನ್ನು ಮೇಲೆ ಬರೆದು ಅದು ಸಿಕ್ಕಿತೆಂದರೆ, ಅದರ ಕೆಳಗಿನ ಉತ್ತಮ ಕಾಲೇಜಿಗೆ ನಿಮ್ಮ ಹೆಸರು ಪರಿಗಣನೆಗೇ ಬರುವುದಿಲ್ಲ.

ಅಲ್ಲಾಹನಲ್ಲಿ ಸ್ವರ್ಗವನ್ನು ಬೇಡುವಾಗಲೂ ಅತ್ಯುನ್ನತವಾದ ಫಿರ್ದೌಸನ್ನೇ ಬೇಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ (ಬುಖಾರಿ). ಆದ್ದರಿಂದ ನಿಜವಾಗಿ ಬೇಕಾದುದನ್ನು ಮೇಲೆ ಬರೆಯಿರಿ. ನಿಮ್ಮ ರ‍್ಯಾಂಕಿಗೆ ಎಟಕುವಂಥವನ್ನು ನಡುವೆ, ಖಂಡಿತ ಸಿಗುವಂಥವನ್ನು ಕೆಳಗೆ ಬರೆಯಿರಿ. ಸಿಕ್ಕಿದರೂ ಹೋಗಲಾರದ ಕಾಲೇಜನ್ನು ಬರೆಯಲೇಬೇಡಿರಿ. ಅಣಕು ಹಂಚಿಕೆಯ ಫಲಿತಾಂಶ ನೋಡಿ, ಕೊನೆಯ ದಿನದೊಳಗೆ ಪಟ್ಟಿಯನ್ನು ತಿದ್ದಿರಿ. ಪಾಸ್‌ವರ್ಡನ್ನು ಸೈಬರ್ ಸೆಂಟರಿನಲ್ಲಿ ಬಿಟ್ಟು ಬರಬೇಡಿರಿ.

ಹೆಣ್ಣು ಮಕ್ಕಳ ಪಟ್ಟಿ

ಮಗನಿಗೆ ಇಪ್ಪತ್ತು ಕಾಲೇಜು ಬರೆಯುವ ತಂದೆ, ಮಗಳಿಗೆ ಮನೆಯ ಹತ್ತಿರದ್ದೊಂದನ್ನೇ ಬರೆದು ಅದು ಸಿಗದಿದ್ದರೆ 'ಸಾಕು, ಓದಿದ್ದು' ಎನ್ನುವುದುಂಟು. ಸುರಕ್ಷಿತತೆಯ ಚಿಂತೆ ನ್ಯಾಯವಾದುದೇ. ಅದಕ್ಕೆ ಪರಿಹಾರ ಮಹಿಳಾ ಕಾಲೇಜು, ಒಳ್ಳೆಯ ಹಾಸ್ಟೆಲ್, ನಂಬುಗೆಯ ಬಂಧುಗಳ ಮನೆ. ಇವನ್ನು ಹುಡುಕದೆಯೇ ಬಾಗಿಲು ಮುಚ್ಚಿದರೆ ಅದು ಕಾಳಜಿಯಲ್ಲ, ಸೋಮಾರಿತನ.

ಸಮಾಲೋಚನೆ ಮತ್ತು ಇಸ್ತಿಖಾರ

ಸತ್ಯವಿಶ್ವಾಸಿಗಳ ವ್ಯವಹಾರಗಳು ಪರಸ್ಪರ ಸಮಾಲೋಚನೆಯಿಂದ ನಡೆಯುತ್ತವೆಂದು ಸೂರಾ ಅಶ್ಶೂರಾ ತಿಳಿಸುತ್ತದೆ. ಆ ಸಮಾಲೋಚನೆಯಲ್ಲಿ ಮಗುವಿಗೂ ಒಂದು ಸ್ಥಾನವಿರಲಿ. ಓದಬೇಕಾದವರು ಅವರೇ ಅಲ್ಲವೇ? ಬಳಿಕ ಎರಡು ರಕಅತ್ ನಮಾಝ್ ಮಾಡಿ ಇಸ್ತಿಖಾರದ ಪ್ರಾರ್ಥನೆ ಸಲ್ಲಿಸಿರಿ. ಕನಸು ಬೀಳಲಿ ಎಂದು ಕಾಯುತ್ತಾ ಅರ್ಜಿಯ ಕೊನೆಯ ದಿನವನ್ನು ಕಳೆದುಕೊಳ್ಳುವುದು ಇಸ್ತಿಖಾರವಲ್ಲ. ಒಳಿತಾದರೆ ದಾರಿ ಸುಗಮಗೊಳಿಸು, ಕೆಡುಕಾದರೆ ನಮ್ಮಿಂದ ದೂರ ಸರಿಸು ಎಂದು ಅಲ್ಲಾಹನಿಗೊಪ್ಪಿಸಿ ಹೆಜ್ಜೆ ಮುಂದಿಡುವುದೇ ಇಸ್ತಿಖಾರ.

ಇಷ್ಟೆಲ್ಲ ಮಾಡಿಯೂ ಬಯಸಿದ ಕಾಲೇಜು ಸಿಗದಿರಬಹುದು. ಆಗ ಮಗುವನ್ನು ಹಂಗಿಸಬೇಡಿರಿ. ನಮಗೆ ಅಪ್ರಿಯವಾದುದರಲ್ಲಿ ಒಳಿತಿರಬಹುದೆಂದು ಸೂರಾ ಅಲ್ ಬಕರ (216) ಸಾಂತ್ವನ ಹೇಳುತ್ತದೆ. ಸಿಕ್ಕಿದ ಕಾಲೇಜಿನಲ್ಲಿ ಶ್ರದ್ಧೆಯಿಂದ ಓದಿದವನು, ದೊಡ್ಡ ಕಾಲೇಜಿನಲ್ಲಿ ಕಾಲ ಕಳೆದವನಿಗಿಂತ ಮುಂದೆ ಹೋಗುತ್ತಾನೆ.

ನಮ್ಮ ಮಕ್ಕಳಿಗೆ ಇಹಪರಗಳೆರಡರಲ್ಲೂ ಪ್ರಯೋಜನಕಾರಿಯಾದ ಜ್ಞಾನವನ್ನು ಅಲ್ಲಾಹನು ದಯಪಾಲಿಸಲಿ. ಆಮೀನ್.