ಅಡಿಕೆ ಅಂಗಳದಲ್ಲಿ ಆರಿದ್ರಾ

ಮಲೆನಾಡಿನ ಮಕ್ಕಳಿಗೆ ಆಕಾಶ ತೋರಿಸಲು ಹೊರಟರೆ ಮೊದಲು ಎದುರಾಗುವುದು ಮಳೆ. ಸೂರ್ಯ ನೆತ್ತಿಗೆ ಬಂದು ನೆಟ್ಟ ಕೋಲಿನ ನೆರಳು ಮಾಯವಾಗುವ ದಿನ ತೀರ್ಥಹಳ್ಳಿಗೆ ಏಪ್ರಿಲ್ 26ರ ಸುಮಾರಿಗೆ, ಅದಾಗಿ ಒಂದೆರಡು ದಿನಕ್ಕೆ ಹೊಸನಗರ, ಸಾಗರಕ್ಕೆ ಬರುತ್ತದೆ. ಆಗ ಶಾಲೆಗೆ ರಜೆ. ಮತ್ತೊಮ್ಮೆ ಬರುವುದು ಆಗಸ್ಟ್ ನಡುವಿಗೆ. ಆಗ ಸೂರ್ಯನ ಮುಖ ಕಂಡರೇ ಹೆಚ್ಚು. ಹಾಗಾಗಿ ಉಳಿಯುವುದು ಡಿಸೆಂಬರ್, ಜನವರಿಯ ರಾತ್ರಿಗಳು. ಅದೋ ಅಡಿಕೆ ಸುಗ್ಗಿಯ ಕಾಲ, ಸುಲಿತಕ್ಕೆ ಮನೆಮಂದಿಯೆಲ್ಲ ಬೇಕು. ಮಕ್ಕಳನ್ನು ಸಂಜೆ ಶಾಲೆಗೆ ಕರೆಸುವ ಬದಲು ದೂರದರ್ಶಕವನ್ನೇ ಅಡಿಕೆ ಅಂಗಳಕ್ಕೆ ಒಯ್ಯತೊಡಗಿದೆವು. ಸುಲಿಯುತ್ತ ಕೂತವರೆಲ್ಲ ಒಬ್ಬೊಬ್ಬರಾಗಿ ಎದ್ದು ಬಂದರು.

ಹೊಸನಗರದ ಕಡೆಯ ಒಂದು ಮನೆಯಲ್ಲಿ ಅಜ್ಜನೊಬ್ಬರು ಕೇಳಿದರು: “ಅಲ್ಲ ತಂಗಿ, ಆರಿದ್ರೆ ಅಂದ್ರೆ ಮಳೆ ಅಲ್ವಾ? ಈ ಚಳೀಲಿ ಆಕಾಶದಲ್ಲಿ ತೋರಿಸ್ತೀಯಲ್ಲ!” ನಾನು ಕೇಳಿಸಿಕೊಂಡ ಪ್ರಶ್ನೆಗಳಲ್ಲಿ ಇಷ್ಟು ಒಳ್ಳೆಯದು ಕಡಿಮೆ. ಆರಿದ್ರಾ ಮಳೆ ಬರುವ ಜೂನ್ ಕೊನೆಗೆ ಸೂರ್ಯ ಇರುವುದು ಅದೇ ಹೆಸರಿನ ನಕ್ಷತ್ರದ ದಿಕ್ಕಿನಲ್ಲಿ. ಆಗ ಅದು ಹಗಲಲ್ಲೇ ಹುಟ್ಟಿ ಹಗಲಲ್ಲೇ ಮುಳುಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಆರು ತಿಂಗಳು ಕಳೆದು ಭೂಮಿ ಸೂರ್ಯನ ಆಚೆ ಬದಿಗೆ ಬಂದಾಗ ಅದೇ ನಕ್ಷತ್ರ ಸಂಜೆ ಮೂಡಿ ರಾತ್ರಿಯಿಡೀ ಇರುತ್ತದೆ. ಮಳೆಯ ಲೆಕ್ಕ ಬಲ್ಲ ಅಜ್ಜನಿಗೆ ಇದು ಕೂಡಲೇ ಹಿಡಿಸಿತು. ಮೊಮ್ಮಕ್ಕಳಿಗೆ ಮುಂದಿನ ಪಾಠ ಅವರದೇ. ಊರಿನವರಿಗೆ ಗೊತ್ತಿರುವುದರಿಂದಲೇ ಶುರು ಮಾಡಬೇಕೆಂದು ನಾನು ಕಲಿತದ್ದು ಅಲ್ಲಿ.

ಆರಿದ್ರಾ ಎಂದರೆ ಬೀಟಲ್‌ಜ್ಯೂಸ್, ಆಯುಷ್ಯದ ಕೊನೆಯ ಹಂತದಲ್ಲಿರುವ ಕೆಂಪು ಮಹಾದೈತ್ಯ. 2019ರ ಕೊನೆಗೆ ಅದು ಮಂಕಾಗುತ್ತ ಹೋಗಿ, 2020ರ ಫೆಬ್ರವರಿ ಹೊತ್ತಿಗೆ ರೋಹಿಣಿಗಿಂತಲೂ ಕಳೆಗುಂದಿತ್ತು. ಸಾಮಾನ್ಯವಾಗಿ ಅದು ರೋಹಿಣಿಗಿಂತ ಹೆಚ್ಚು ಬೆಳಗುತ್ತದೆ. ಈ ವ್ಯತ್ಯಾಸ ಗುರುತಿಸಲು ಬರಿಗಣ್ಣು, ಕತ್ತಲೆ, ಒಂದು ನೋಟ್‌ಬುಕ್ ಸಾಕಿತ್ತು. ಸಾಗರದ ಹತ್ತಿರದ ಹುಡುಗಿಯೊಬ್ಬಳು ಬರೆದಿಟ್ಟ ಪಟ್ಟಿಯನ್ನು ನೋಡಿ ನನಗೆ ನಿಜಕ್ಕೂ ಹೆಮ್ಮೆಯಾಯಿತು. ನಕ್ಷತ್ರವೇ ಉಗುಳಿದ ಅನಿಲ ತಣಿದು ಧೂಳಾಗಿ ಬೆಳಕಿಗೆ ಅಡ್ಡ ಬಂದಿತ್ತೆಂದು ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದಾಗ, ಅದು ಅವಳಿಗೆ ಪರೀಕ್ಷೆಗೆ ಬಾಯಿಪಾಠ ಮಾಡುವ ಸುದ್ದಿಯಾಗಿರಲಿಲ್ಲ. ತಾನೇ ಕಣ್ಣಾರೆ ಕಂಡದ್ದರ ಕಾರಣವಾಗಿತ್ತು.

ಆದರೆ ಒಂದು ರಾತ್ರಿ ಶನಿಯ ಬಳೆ ತೋರಿಸಿ ಬಂದರೆ ಮುಗಿಯಲಿಲ್ಲ. ಪಿಯುಸಿ ಮುಗಿದಾಗ ಮನೆಯಲ್ಲಿ ಕೇಳುವುದು ಬೇರೆಯದೇ ಪ್ರಶ್ನೆ: “ಭೌತಶಾಸ್ತ್ರ ಓದಿದ್ರೆ ಹೊಟ್ಟೆಗೇನು?” ಈ ಪ್ರಶ್ನೆಯಲ್ಲಿ ತಪ್ಪಿಲ್ಲ, ಇದಕ್ಕೆ ನೇರ ಉತ್ತರ ಕೊಡಲೇಬೇಕು. ಸಿಇಟಿ, ನೀಟ್ ಬಿಟ್ಟು ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳಿಗೆ ಐಎಟಿ, ಭುವನೇಶ್ವರದ ನೈಸರ್‌ಗೆ ನೆಸ್ಟ್ ಎಂಬ ಪರೀಕ್ಷೆಗಳಿವೆ. ಊರಲ್ಲೇ ಬಿಎಸ್ಸಿ ಮಾಡಿದವರೂ ಮುಂದೆ ಜೆಸ್ಟ್ ಬರೆದು ಪಿಎಚ್‌ಡಿಗೆ ಹೋಗಬಹುದು. ಸಂಶೋಧನೆಗೆ ಸೇರಿದವರಿಗೆ ಫೆಲೋಶಿಪ್ ಸಿಗುತ್ತದೆ. 2023ರಿಂದ ಜೆಆರ್‌ಎಫ್ ಮೊತ್ತ ತಿಂಗಳಿಗೆ 37,000 ರೂಪಾಯಿ. ಈ ಒಂದು ಅಂಕಿ ಕೇಳಿದ ಮೇಲೆ ತೀರ್ಥಹಳ್ಳಿಯ ಒಬ್ಬ ತಂದೆ ಮಗನ ಅರ್ಜಿ ತುಂಬಲು ತಾವೇ ಸೈಬರ್ ಸೆಂಟರಿಗೆ ಹೋದರು.

ದಾರಿ ಹೇಳಿದರಷ್ಟೇ ಸಾಲದು, ಜೊತೆಗೆ ಕೂತು ಮಾತಾಡುವವರೂ ಬೇಕು. ಬೆಂಗಳೂರಿನಲ್ಲಿ 1989ರಲ್ಲಿ ಜವಾಹರಲಾಲ್ ನೆಹರೂ ತಾರಾಲಯ ಶುರುವಾದಾಗ ಅದರ ಸ್ಥಾಪಕ ನಿರ್ದೇಶಕರಾದವರು ಸಿ. ವಿ. ವಿಶ್ವೇಶ್ವರ, ಕಪ್ಪುಕುಳಿಗಳು ಹೇಗೆ ಅನುರಣಿಸುತ್ತವೆಂದು 1970ರಲ್ಲೇ ಲೆಕ್ಕ ಹಾಕಿದವರು. ಅಂಥ ವಿಜ್ಞಾನಿಗೆ ಮಕ್ಕಳೊಂದಿಗೆ ಕೂತು ಮಾತಾಡುವುದು ಸಣ್ಣ ಕೆಲಸ ಅನ್ನಿಸಲಿಲ್ಲ. ಕಾಲೇಜು ಸೇರಿದ ಮೇಲೂ ನಮ್ಮ ಮಕ್ಕಳಿಗೆ ಅಂಥ ಮಾತು ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರು ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷಿಗೆ ಹೆದರಿ ವಾಪಸು ಬರುವ ಯೋಚನೆ ಮಾಡುತ್ತಾರೆ. ಆಗ “ಅಕ್ಕಾ” ಎಂದು ಫೋನ್ ಮಾಡಲು ಒಬ್ಬರಿದ್ದರೆ ಉಳಿದುಕೊಳ್ಳುತ್ತಾರೆ, ನಾನು ಕಂಡಿದ್ದೇನೆ.

ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಿಂದ ಹೋಗಿ ವಿಜ್ಞಾನ ಓದುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಸುಗ್ಗಿಗೆ ಊರಿಗೆ ಬಂದಾಗ ನೀವು ಓದಿದ ಹೈಸ್ಕೂಲಿಗೆ ಒಂದು ಮಧ್ಯಾಹ್ನ ಹೋಗಿ ಬನ್ನಿ, ಬರುವಾಗ ಬೋರ್ಡಿನ ಮೇಲೆ ನಿಮ್ಮ ಫೋನ್ ನಂಬರ್ ಬರೆದು ಬನ್ನಿ.