ಚೌಕಿ ಬಿಡಬೇಡಿ

ಯಕ್ಷಗಾನದ ಮಕ್ಕಳ ಮೇಳದಲ್ಲಿ ಕುಣಿದು ಬೆಳೆದು ಈಗ ಪಿಯುಸಿಗೋ ಡಿಗ್ರಿಗೋ ಸೇರಿದವರೇ, ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕು. ದನಿ ಒಡೆದಿದೆ, ಬಾಲಗೋಪಾಲನ ಉಡುಪು ಮೈಗೆ ಹಿಡಿಸುವುದಿಲ್ಲ, ಟ್ಯೂಷನ್ ಶುರುವಾಗಿದೆ. "ಇನ್ನು ಆಟ ಸಾಕು" ಎಂದು ಮನೆಯಲ್ಲೂ ಹೇಳುತ್ತಿರಬಹುದು. ವೇಷ ಕಟ್ಟುವುದನ್ನು ಬೇಕಾದರೆ ಕಡಿಮೆ ಮಾಡಿ, ಬಣ್ಣ ಹಚ್ಚುವ ಚೌಕಿಗೆ ಬರುವುದನ್ನು ಮಾತ್ರ ಬಿಡಬೇಡಿ.

ಯಕ್ಷಗಾನ ಕಲಿತ ಮಕ್ಕಳಿಗೆ ಸಭಾಕಂಪ ಇರುವುದಿಲ್ಲ ಎನ್ನುತ್ತಾರೆ. ಆ ಧೈರ್ಯ ಬರುವುದಾದರೂ ಎಲ್ಲಿಂದ? ನಮ್ಮಲ್ಲಿ ಪದ್ಯ ಭಾಗವತರದು, ಅರ್ಥ ವೇಷಧಾರಿಯದು. ಚಿಕ್ಕವರಿಗೆ ಮಾತು ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತೇವೆ, ನಿಜ. ಆದರೆ ಬಾಯಿಪಾಠ ಕೈಕೊಡುವ ಗಳಿಗೆ ಬಂದೇ ಬರುತ್ತದೆ. ಒಮ್ಮೆ ಬಭ್ರುವಾಹನ ಕಾಳಗದಲ್ಲಿ ಹೀಗಾಯಿತು. ಬಭ್ರುವಾಹನನ ವೇಷ ಆರನೇ ತರಗತಿಯ ಹುಡುಗನದು. ಪದ್ಯ ಮುಗಿಯಿತು, ಮದ್ದಳೆ ನಿಂತಿತು, ಮಾತು ಹೊರಡಲಿಲ್ಲ. ಅವನ ಕಣ್ಣು ಭಾಗವತರ ಕಡೆ ಹೊರಳಿತು. ಎದುರಿಗೆ ಅರ್ಜುನನಾಗಿದ್ದವಳು ಹತ್ತನೇ ತರಗತಿಯ ಹುಡುಗಿ. ಒಂದು ಹೆಜ್ಜೆ ಮುಂದೆ ಬಂದು, "ಎಲವೋ ಬಾಲಕ, ಯಾಗದ ಕುದುರೆಯನ್ನು ಕಟ್ಟುವಾಗ ಇದ್ದ ಪೌರುಷ ಈಗೆಲ್ಲಿ ಹೋಯಿತು? ಕಟ್ಟಿದವನು ನೀನು ಹೌದೋ ಅಲ್ಲವೋ?" ಎಂದು ಗದರಿದಳು. "ಹೌದು, ಕಟ್ಟಿದವನು ನಾನೇ!" ಎಂದ ಹುಡುಗನಿಗೆ ಮುಂದಿನ ಮಾತು ತಾನಾಗಿ ಬಂತು. ಸಭೆಗೆ ಕಂಡದ್ದು ಅರ್ಜುನನ ಸಿಟ್ಟು. ಅದು ನೆರವು ಎಂಬುದು ಹುಡುಗನಿಗೆ ಗೊತ್ತು. ಮಾತು ತಪ್ಪಿದರೂ ಎದುರು ಪಾತ್ರ ಕೈಬಿಡುವುದಿಲ್ಲ ಎಂಬ ನಂಬಿಕೆ ಅಂದು ಅವನಲ್ಲಿ ಬೇರೂರಿತು. ಆ ಹುಡುಗಿಗೆ ಸಿಕ್ಕಿದ್ದು ಅದಕ್ಕಿಂತ ದೊಡ್ಡದು ಎಂದು ನನ್ನ ಅನಿಸಿಕೆ. ತನ್ನ ಮಾತನ್ನಷ್ಟೇ ನೆನಪಿಟ್ಟುಕೊಳ್ಳುತ್ತಿದ್ದವಳು ಇಡೀ ಪ್ರಸಂಗವನ್ನೇ ಹೊತ್ತು ನಿಂತಳು.

ಹಿಂದೆ ಮೇಳಕ್ಕೆ ಸೇರಿದ ಹುಡುಗ ಮೊದಲು ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿಯುತ್ತಿದ್ದ, ಆಮೇಲೆ ಬಾಲಗೋಪಾಲ, ಬರಬರುತ್ತಾ ಸಣ್ಣಪುಟ್ಟ ವೇಷ. ಪ್ರತಿ ಮೆಟ್ಟಿಲಲ್ಲೂ ಅವನಿಗಿಂತ ಸ್ವಲ್ಪ ಮುಂದೆ ಇದ್ದವನೊಬ್ಬ ಪಕ್ಕದಲ್ಲೇ ಇರುತ್ತಿದ್ದ. ಕಲಿತವರೇ ಮುಂದೆ ಕಲಿಸುವವರಾಗುವುದೂ ಇತ್ತು: ಬನ್ನಂಜೆ ಸಂಜೀವ ಸುವರ್ಣರು ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಕಲಿತು ಅಲ್ಲೇ ಗುರುಗಳಾದರು. 1975ರಲ್ಲಿ ಸಾಲಿಗ್ರಾಮ ಮಕ್ಕಳ ಮೇಳ ಶುರುವಾದ ಮೇಲೆ ಶಾಲೆಯ ಮಕ್ಕಳೂ ಗೆಜ್ಜೆ ಕಟ್ಟುವುದು ಕರಾವಳಿಯಲ್ಲಿ ರೂಢಿಯಾಯಿತು. ಆದರೆ ಶಾಲೆಯ ಮಕ್ಕಳು ಹತ್ತನೇ ತರಗತಿ ಮುಗಿಸಿ ಹೊರಟುಬಿಡುತ್ತಾರೆ. ಉಳಿಯುವುದು ಒಂದು ತುದಿಯಲ್ಲಿ ವಯಸ್ಸಾದ ಗುರು, ಇನ್ನೊಂದು ತುದಿಯಲ್ಲಿ ಪುಟ್ಟ ಮಕ್ಕಳು. ನಡುವೆ ಯಾರೂ ಇಲ್ಲ. ನನಗೆ ಸಂಕಟವಾಗುವುದು ಇಲ್ಲಿಯೇ. ಗುರುಗಳ ಹೆಜ್ಜೆ ನೋಡಿದ ಮಗು "ಅವರಿಗೆ ಬರುತ್ತದೆ" ಅಂದುಕೊಳ್ಳುತ್ತದೆ. ನಿಮ್ಮ ಹೆಜ್ಜೆ ನೋಡಿದಾಗ "ನನಗೂ ಬಂದೀತು" ಅನ್ನುತ್ತದೆ. ಹುಡುಗಿಯರಂತೂ ಖಂಡಿತ ಬರಬೇಕು. ಚೌಕಿಯಲ್ಲಿ ಅಕ್ಕ ಒಬ್ಬಳು ಇದ್ದಾಳೆ ಎಂದರೆ ಎಷ್ಟು ತಾಯಂದಿರು ಮಗಳನ್ನು ಧೈರ್ಯವಾಗಿ ಕಳಿಸುತ್ತಾರೆ ಗೊತ್ತೇ!

ಬಂದಾಗ ಒಂದು ಎಚ್ಚರವಿರಲಿ. ಮುಖಕ್ಕೆ ಬಣ್ಣ ಬಿದ್ದ ಮೇಲೆ ಯಾರ ಹೆಜ್ಜೆಯನ್ನೂ ತಿದ್ದಬೇಡಿ, ಇದ್ದದ್ದೂ ಮರೆತುಹೋಗುತ್ತದೆ. ಗೆಜ್ಜೆ ಕಟ್ಟಿಕೊಡಿ, ಬಿಗಿಯಾಯಿತೇ ಎಂದು ಕೇಳಿ, ಪ್ರವೇಶದ ಹೊತ್ತಿಗೆ ಪರದೆಯ ಹಿಂದೆ ಜೊತೆಗಿರಿ. ತಪ್ಪಿದ್ದನ್ನು ಹೇಳುವುದಕ್ಕೆ ಮರುವಾರದ ತರಗತಿ ಇದ್ದೇ ಇದೆ. ಅಲ್ಲಿಯೂ ಬಾಯಲ್ಲಿ ಹೇಳುವ ಬದಲು ಪಕ್ಕದಲ್ಲಿ ನಿಂತು ಜೊತೆಗೆ ಕುಣಿಯಿರಿ. ಈ ಭಾನುವಾರ ಬನ್ನಿ, ತ್ರಿವುಡೆ ತಾಳ ಶುರುಮಾಡುತ್ತಿದ್ದೇವೆ.